ಅತ್ತೆಯ ಎರಡು ಫೈರ್‌ವಾಲ್

ಕಂಪ್ಯೂಟರಿಗೂ ಸಂಶಯ ಪಡುವುದನ್ನು ಕಲಿಸಬಹುದು ಎಂದು ರಾಣೆಬೆನ್ನೂರಿಗೆ ತೋರಿಸಿಕೊಟ್ಟವಳು ನನ್ನ ಸೋದರತ್ತೆ. ಅವಳ ಹೆಸರು ಬರೆಯುವ ಧೈರ್ಯ ನನಗಿಲ್ಲ. ಬರೆದರೆ, ಅದು ಯಾವ ದಾರಿಯಿಂದ ಹೊರಗೆ ಹೋಯಿತು ಎಂಬ ವಿಚಾರಣೆ ಶುರುವಾಗುತ್ತದೆ. ಹಾಗೆ ಶುರುವಾದ ವಿಚಾರಣೆ ಮುಗಿದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ!

ಅತ್ತೆಯದು ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಮಾವ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಅದರ ಮುಂದೆ ಅತ್ತೆ. ಹಿಂದಿನ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಅಚ್ಚಿನ ಮಷಿನ್ನು, ಅದರ ಮುಂದೆ ಮಾಬೂಸಾಬ. ಅತ್ತೆ ಮುಂದೆ ಕೂತು ಗಣಪತಿಯನ್ನೋ ಚಂದ್ರ ನಕ್ಷತ್ರವನ್ನೋ ಕೂರಿಸಿ, ಬಂಧು ಬಾಂಧವರ ಹೆಸರುಗಳನ್ನು ಜಗಳವಾಗದಂಥ ಕ್ರಮದಲ್ಲಿ ಜೋಡಿಸಿ ಉಳಿಸಿಟ್ಟರೆ, ಮಾಬೂಸಾಬ ಹಿಂದಿನ ಕೋಣೆಯಿಂದಲೇ ಅದನ್ನು ತೆರೆದು ಪತ್ರಿಕೆ ತೆಗೆಯುತ್ತಿದ್ದ. ಬಹಳ ವರ್ಷ ಹೀಗೆ ಸುಖವಾಗಿ ನಡೆಯಿತು.

ಕೆಟ್ಟದ್ದು ಬ್ಯಾಡಗಿಯಲ್ಲಿ. ಗಿರಾಕಿಯೊಬ್ಬರ ಮನೆಗೆ ಪತ್ರಿಕೆಯ ನಮೂನೆ ತೋರಿಸಲು ಹೋದಾಗ, ಯಾರದೋ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಇದ್ದಬದ್ದದ್ದನ್ನೆಲ್ಲ ದೋಚಿದ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಬಸ್ಸಿನಲ್ಲಿ ಕೂತೇ ನನಗೆ ಫೋನು ಮಾಡಿದಳು. ನಾನು ಹಾವೇರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಹಾಗಾಗಿ ನಮ್ಮ ಬಳಗದ ಯಾವ ಕಂಪ್ಯೂಟರಿಗೆ ಸೀನು ಬಂದರೂ ಹೊಣೆ ನನ್ನದೇ. ನಿನ್ನ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಫೈರ್‌ವಾಲ್ ಅಂತ ಒಂದಿದೆ, ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ಅದು ನೋಡಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿದೆ. ಅದನ್ನು ಯಾವಾಗ ಕೊಂಡಿದ್ದೆ ಎಂದು ಕೇಳಿದಳು. ಕೊಂಡಿಲ್ಲ, ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದದ್ದು ಎಂದೆ. ಅಲ್ಲೇ ನಾನು ತಪ್ಪಿದೆ.

"ಪುಕ್ಕಟೆ ಕಾಯಾವ ಎಷ್ಟು ಕಾದಾನು?" ಎಂದು ಫೋನು ಇಟ್ಟಳು.

ಮರುವಾರವೇ ಬ್ಯಾಡಗಿಯ ಅಂಗಡಿಯೊಂದರಿಂದ ಇನ್ನೊಂದು ಫೈರ್‌ವಾಲ್ ಬಂತು. ಅದು ಬಂದು ಕೂತ ಕೂಡಲೇ ಹಳೆಯದನ್ನು ಬಂದ್ ಮಾಡಿತು. ಅದು ಸಹಜ, ಇಂಥ ಕೆಲಸಕ್ಕೆ ಒಂದೇ ಸಾಕು, ಎರಡಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ ಎಂದು ನಾನು ವಿವರಿಸಿದೆ. ಅತ್ತೆ ಕೇಳಬೇಕಲ್ಲ!

"ಬಂದ ದಿವಸನ ಹಳಬನ್ನ ಹೊರಗ ಹಾಕ್ಯಾನಂದ್ರ, ಇವನ ಮ್ಯಾಲ ಒಂದು ಕಣ್ಣಿಡಾಕ ಹಳಬ ಬೇಕ ಬೇಕು" ಎಂದಳು.

ಒಂದಿಡೀ ಮಧ್ಯಾಹ್ನ ಕೂತು, ಅದು ಹೇಗೋ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಎರಡನ್ನೂ ಚಾಲೂ ಮಾಡಿದಳು. ಮಾಬೂಸಾಬನ ಕಂಪ್ಯೂಟರಿಗೂ ಅದೇ ಭಾಗ್ಯ. ಪೆನ್‌ಡ್ರೈವ್ ತೂರಿಸುವ ತೂತುಗಳಿಗೆ ಮೇಣ ಮೆತ್ತಿದಳು.

ಹೊಸ ಫೈರ್‌ವಾಲಿಗೆ ಒಂದು ಗುಣವಿತ್ತು. ಏನೇ ಮಾಡುವ ಮೊದಲು ಅದು ಅತ್ತೆಯ ಅನುಮತಿ ಕೇಳುತ್ತಿತ್ತು. ಅತ್ತೆಗೂ ಒಂದು ಗುಣವಿತ್ತು. ಕೇಳಿದ್ದಕ್ಕೆಲ್ಲ ಅವಳು ಇಲ್ಲ ಎನ್ನುತ್ತಿದ್ದಳು. ಕಂಪ್ಯೂಟರಿನ ಗಡಿಯಾರ ಸಮಯ ಸರಿಮಾಡಿಕೊಳ್ಳಲು ಹೊರಗೆ ಹೋಗಿ ಬರುತ್ತೇನೆ ಎಂದಿತಂತೆ. "ಗ್ವಾಡಿ ಮ್ಯಾಲ ಗಡಿಯಾರ ಐತಿ, ಅದನ್ನ ನೋಡ್ಕೊಳ್ಳಲಿ" ಎಂದು ಅದನ್ನೂ ತಡೆದಳು. ಇಂಟರ್‌ನೆಟ್ ತೋರಿಸುವ ಬ್ರೌಸರ್ರೇ ಅನುಮತಿ ಕೇಳಿದಾಗಲೂ ಇಲ್ಲವೆಂದು, ಆಮೇಲೆ ಇಂಟರ್‌ನೆಟ್ಟಿನವರು ಮೋಸ ಮಾಡಿದರೆಂದು ವಾರವಿಡೀ ಫೋನಿನಲ್ಲಿ ಜಗಳಾಡಿದಳು. ಆ ಕಡೆಯಿಂದ ಮಾತಾಡುವ ಹುಡುಗಿ ಕೊನೆಕೊನೆಗೆ ಅತ್ತೆಯ ದನಿ ಕೇಳಿದ ಕೂಡಲೇ ಊಟ ಆಯ್ತೇನ್ರಿ ಎಂದು ವಿಚಾರಿಸುವಷ್ಟು ಹತ್ತಿರವಾಗಿದ್ದಳು.

ಇಷ್ಟರಲ್ಲಿ ಗುತ್ತಲದ ಒಂದು ಮದುವೆ ಬಂತು, ಎರಡೂ ಫೈರ್‌ವಾಲ್ ಚಾಲೂ ಆದ ಮೇಲಿನ ಮೊದಲ ಕೆಲಸ. ಪತ್ರಿಕೆಗಳು ಸೋಮವಾರ ಮಧ್ಯಾಹ್ನ ಅವರ ಕೈಗೆ ಸಿಗಬೇಕು. ಮರುದಿನ ಬೆಳಿಗ್ಗೆ ದೇವರ ಮುಂದಿಟ್ಟು ಹಂಚಲು ಶುರು ಮಾಡುವವರಿದ್ದರು. ಸೋಮವಾರ ಬೆಳಿಗ್ಗೆಯೇ ಅತ್ತೆಯ ಫೋನು. ಅವಳ ಕಂಪ್ಯೂಟರಿನಲ್ಲಿ ಪತ್ರಿಕೆ ಸಿದ್ಧವಾಗಿದೆ, ಮಾಬೂಸಾಬನಿಗೆ ಅದು ಕಾಣಿಸುತ್ತಲೇ ಇಲ್ಲ. ರಜೆ ಹಾಕಿ ಹಾವೇರಿಯಿಂದ ಬಸ್ಸು ಹಿಡಿದೆ.

ಹೋಗಿ ನೋಡಿದರೆ ಅಂದುಕೊಂಡದ್ದೇ ಆಗಿತ್ತು. ಹಿಂದಿನ ಕೋಣೆಯ ಕಂಪ್ಯೂಟರು ಕೈಚಾಚಿದಾಗೆಲ್ಲ ಅದನ್ನು ಹೊರಗಿನದೆಂದು ತಿಳಿದು ಈ ಫೈರ್‌ವಾಲುಗಳು ತಡೆಯುತ್ತಿದ್ದವು. ಹೊಸದಕ್ಕೆ, ಇದು ನಮ್ಮದೇ, ಬಿಡು ಎಂದು ತಿಳಿಸಿದೆ. ಹಳೆಯದು ತಡೆಯಿತು. ಹಳೆಯದಕ್ಕೆ ತಿಳಿಸಿ ಬಂದರೆ ಮಾಬೂಸಾಬನ ಕಡೆಯದು ಅಡ್ಡ ನಿಂತಿತು. ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ಓಡಾಡಿ ನನ್ನ ಅಂಗಿ ತೊಯ್ದುಹೋಯಿತು. ಕಡೆಗೆ ಕೈಮುಗಿದು, ಒಂದನ್ನು ತೆಗೆದುಬಿಡು, ಎರಡಿದ್ದರೆ ಕಾವಲು ಎರಡು ಪಟ್ಟಾಗುವುದಿಲ್ಲ, ಕೆಲಸ ಮಾತ್ರ ನಿಲ್ಲುತ್ತದೆ ಎಂದೆ. ಜಪ್ಪಯ್ಯ ಅಂದರೂ ಅತ್ತೆ ಒಪ್ಪಲಿಲ್ಲ.

ಆಗ ಮಾಬೂಸಾಬ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ಹೊರಗಿನವ್ರನ್ನ ಬಿಡಬಾರ್ದು ಅಂತೀರಿ, ಖರೇ. ಆದ್ರ ನಾ ಒಳಗ ಅದೀನಲ್ರಿ."

ಅತ್ತೆ ಅವನನ್ನು ನೋಡಿದಳು. ನಗಬಾರದೆಂದು ಬಹಳ ಪ್ರಯತ್ನಪಟ್ಟಳು, ಆಗಲಿಲ್ಲ. ನಕ್ಕು ಮುಗಿದ ಮೇಲೆ, ಹೊಸದನ್ನು ತೆಗೆ, ಹಳಬ ಇರಲಿ, ಮೊದಲಿನಿಂದ ಇದ್ದಾನೆ ಎಂದಳು. ತೆಗೆದೆ. ಹಳೆಯದಕ್ಕೆ ಎರಡೂ ಕಡೆ ಮಾಬೂಸಾಬನ ಪರಿಚಯ ಮಾಡಿಸಿದೆ. ಹಿಂದಿನ ಕೋಣೆಯಲ್ಲಿ ಮಷಿನ್ನು ಶುರುವಾದ ಸದ್ದು ಕೇಳಿ ನಾವು ಮೂವರೂ ಚಹಾ ಕುಡಿದೆವು.

ಹೇಳಿದ ಹೊತ್ತಿಗೆ ಗುತ್ತಲದ ತಂದೆ ಮಗಳು ಬಂದರು. ಮದುವೆಯ ಹುಡುಗಿಯೇ ಆಕೆ. ಪತ್ರಿಕೆ ನೋಡಿ ಅಪ್ಪ ಸಂತೋಷಪಟ್ಟ, ಕಟ್ಟುಗಳನ್ನು ಹೊತ್ತು ಆಟೋದಲ್ಲಿ ಇಡಲು ಹೋದ. ಹುಡುಗಿ ಮಾತ್ರ ಹೋಗಲಿಲ್ಲ. ಸೆರಗಿನ ತುದಿ ಸುತ್ತುತ್ತ ನಿಂತಳು.

"ಅತ್ತಿ, ಆ ಹಳೇ ಪತ್ರಿಕಿ ನಿಮ್ಮ ಕಡೆ ಇನ್ನೂ ಐತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ನನಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಈ ಹುಡುಗಿಗೆ ಹಿಂದೆ ಒಂದು ಸಂಬಂಧ ಗೊತ್ತಾಗಿ, ಇದೇ ಪ್ರೆಸ್ಸಿನಲ್ಲಿ ಪತ್ರಿಕೆ ಅಚ್ಚಾಗಿ, ಊರೂರಿಗೆ ಹಂಚುವ ಹೊತ್ತಿಗೆ ಗಂಡಿನ ಕಡೆಯವರು ಹಿಂದೆ ಸರಿದಿದ್ದರಂತೆ. ಅದರಲ್ಲಿ ಇಬ್ಬರ ಫೋಟೋ ಒಟ್ಟಿಗಿತ್ತು.

ಅತ್ತೆ ತನ್ನ ಕುರ್ಚಿಯಿಂದ ಎದ್ದಳು.

"ಐತಿ. ನಿನ್ನ ಕೇಳದ ಹ್ಯಾಂಗ ಅಳಸ್ಲಿ ಅಂತ ಇಟ್ಟಿದ್ದೆ. ಯಾರ ಕಣ್ಣಿಗೂ ಬೀಳಗೊಟ್ಟಿಲ್ಲವ್ವಾ. ಕುಂದ್ರು, ನಿನ್ನ ಕೈಲೇ ಅಳಸು."

ಆ ಕಂಪ್ಯೂಟರಿನಲ್ಲಿ ಇಷ್ಟೊಂದು ಕಾಯುವಂಥದ್ದೇನಿದೆ ಎಂದು ನಾನು ಯಾವತ್ತೂ ಅತ್ತೆಯನ್ನು ಕೇಳಿರಲಿಲ್ಲ. ಎಷ್ಟು ಊರಿನ, ಎಷ್ಟು ಮನೆಯ ಹೆಣ್ಣುಮಕ್ಕಳು ಅಲ್ಲಿದ್ದರೋ! ಅತ್ತೆ ನನ್ನ ಹೆಗಲು ಹಿಡಿದು ಗೋಡೆಯ ಕಡೆ ತಿರುಗಿಸಿದಳು. ನಾನು ಕ್ಯಾಲೆಂಡರ್ ನೋಡುತ್ತ ನಿಂತೆ. ಹಿಂದಿನಿಂದ ಅತ್ತೆಯ ದನಿ, ಅದನ್ನ ಒತ್ತು, ಕಸದ ಬುಟ್ಯಾಗಿಂದೂ ತೆಗಿ, ಈಗ ನೋಡು, ಇಲ್ಲ. ಆಮೇಲೆ ಕುರ್ಚಿ ಸರಿದ ಸದ್ದಾಯಿತು. ಧಾರೆಗೆ ಯಾವ ಬಣ್ಣದ ಸೀರೆ ತೆಗೆದಿದ್ದೀರಿ ಎಂದು ಅತ್ತೆ ಕೇಳಿದ್ದು, ಹುಡುಗಿ ನಕ್ಕಿದ್ದು ಕೇಳಿಸಿತು.

ಮುಗಿಯಿತೆಂದು ತಿರುಗಿದೆ. ಹುಡುಗಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಅತ್ತೆ ಅವಳ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

"ತಮ್ಮಾ, ನಿನಗ ಇನ್ನೂ ತಿರುಗು ಅಂದಿಲ್ಲ" ಎಂದಳು.

ನಾನು ಮತ್ತೆ ಗೋಡೆಯ ಕಡೆ ತಿರುಗಿ ನಿಂತೆ.