ಗಿಂಡಿಯಲ್ಲಿ ಹುಟ್ಟಿದ ರೊಮ್ಯಾಂಟಿಕ್ ಕಾವ್ಯ

ಇಂಗ್ಲಿಷಿನ ರೊಮ್ಯಾಂಟಿಕ್ ಕಾವ್ಯ ಹುಟ್ಟಿದ್ದೆಲ್ಲಿ ಎಂದು ಯಾರನ್ನಾದರೂ ಕೇಳಿ, ಬೆಟ್ಟ, ಸರೋವರ, ಹೂವು ಎಂದಾರು. ನಮ್ಮ ಚಿಕ್ಕಪ್ಪನನ್ನು ಕೇಳಿದರೆ "ಗಿಂಡಿಯಲ್ಲಿ!" ಎನ್ನುತ್ತಾರೆ. ನೀರಿನ ಗಿಂಡಿಯಲ್ಲ, ಚೆನ್ನೈನ ಕಾರ್ಖಾನೆಗಳ ಬಡಾವಣೆ ಗಿಂಡಿ. ಹುಚ್ಚು ಅನ್ನಿ, ಅಡ್ಡಿಯಿಲ್ಲ; ಚೆನ್ನೈಗೆ ಬಂದು ನೆಲೆಸಿದ ನಮ್ಮ ಮೈಸೂರು ಕಡೆಯ ಬಳಗವೆಲ್ಲ ಅದನ್ನೇ ಅನ್ನುತ್ತದೆ.

ಅವರು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮೊದಲು ಕಾರ್ಖಾನೆಯ ಹೊಗೆ ಬಂತು, ಆ ಹೊಗೆಗೆ ಕಣ್ಣುರಿದವರು ಕಾಡು, ಹೊಳೆ ಎಂದು ಹಾಡತೊಡಗಿದರು ಎಂಬುದು ಅವರ ವಾದ. ಹಾಗಾಗಿ ಪ್ರತಿ ವರ್ಷವೂ ಆ ಕಾವ್ಯದ ಮೊದಲ ಪಾಠ ಗಿಂಡಿಯ ಯಾವುದಾದರೂ ಕಾರ್ಖಾನೆಯ ಗೇಟಿನ ಮುಂದೆ, ಸುಡುಬಿಸಿಲಲ್ಲಿ! ಒಮ್ಮೆ ಸೆಕ್ಯುರಿಟಿಯವನು ಇವರನ್ನು ಮುಷ್ಕರದ ಮುಖಂಡ ಎಂದುಕೊಂಡು ಓಡಿಬಂದ.

"ಎನ್ನ ಸಾರ್ ಪ್ರಾಬ್ಲಂ? ಸಂಬಳಮಾ? ಬೋನಸಾ?"

"ಇಮ್ಯಾಜಿನೇಷನ್!" ಎಂದರು ಚಿಕ್ಕಪ್ಪ.

"ಅದೆಲ್ಲಾಂ ಎಚ್‌ಆರ್ ಕಿಟ್ಟ ಕೇಳುಂಗ ಸಾರ್."

ಅದನ್ನೆಲ್ಲ ಎಚ್‌ಆರ್‌ನವರ ಹತ್ತಿರ ಕೇಳಬೇಕಂತೆ; ಕಲ್ಪನೆಯನ್ನೂ ಅವರೇ ಮಂಜೂರು ಮಾಡಬೇಕೇನೋ!

ಪರೀಕ್ಷೆಯ ಕಥೆಯೂ ಇಷ್ಟೆ. "ಪ್ರಕೃತಿಪ್ರೇಮ, ಭಾವತೀವ್ರತೆ" ಎಂದು ಗೈಡಿನಿಂದ ಉರು ಹೊಡೆದು ಬರೆದವರಿಗೆ ಸೊನ್ನೆ. "ನಮ್ಮ ಮನೆಗೆ ಕಿಟಕಿಯೇ ಇಲ್ಲ ಸಾರ್, ಪ್ರಕೃತಿ ನನಗೆ ಗೊತ್ತಿಲ್ಲ" ಎಂದು ಬರೆದ ಹುಡುಗಿಗೆ ಪೂರ್ತಿ ಅಂಕ! ಪ್ರಾಂಶುಪಾಲರು ಕರೆದು ಛೀಮಾರಿ ಹಾಕಿದರು. ಮನೆಯಲ್ಲಿ ಚಿಕ್ಕಮ್ಮ ಬಾಕಿ ಉಳಿದದ್ದನ್ನು ಹಾಕಿದರು.

"ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ! ಪೋದುಂಪಾ, ಸಾಕು! ಗೈಡಲ್ಲಿರೋದನ್ನ ಹೇಳ್ಕೊಟ್ಟು ಮನೆಗ್ ಬಂದ್ರೆ ನಿಮ್ ಗಂಟೇನು ಹೋಗತ್ತೆ?"

ಗಂಟು ಹೋದದ್ದು ಈ ವರ್ಷ. ರೊಮ್ಯಾಂಟಿಕ್ ಕಾವ್ಯವನ್ನೇ ಸಿಲಬಸ್ಸಿನಿಂದ ಕಿತ್ತುಹಾಕಿದರು. ಕೆಲಸ ಕೊಡಿಸದ ಕವಿತೆ ಯಾತಕ್ಕಂತೆ! ಅದರ ಜಾಗಕ್ಕೆ ಬಂದದ್ದು ಇಂಟರ್‌ವ್ಯೂನಲ್ಲಿ ನಗುವುದು ಹೇಗೆ ಎಂಬ ಪಾಠ. ಅದನ್ನೂ ಚಿಕ್ಕಪ್ಪನೇ ಮಾಡಬೇಕಂತೆ, ಫೋಟೋಗೂ ನಗದ ಮನುಷ್ಯ! ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಜೀವಮಾನವೆಲ್ಲ ಅದೇ ಕವಿತೆಯ ಅನ್ನ ತಿಂದ ಸಹೋದ್ಯೋಗಿಗಳು ಸಭೆಯಲ್ಲಿ ಮೇಜು ಕುಟ್ಟಿ ಒಪ್ಪಿದರಂತೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಸಂಜೆ ನಾನು ಹೋದಾಗ ಚಿಕ್ಕಪ್ಪ ಗೋಡೆ ನೋಡುತ್ತ ಕೂತಿದ್ದರು. ಕಾಫಿಯೂ ಬೇಡವಂತೆ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಆ ಕಿತ್ತುಹಾಕಿದ ಕವಿತೆ ಪಾಠ ನಂಗೆ ಹೇಳ್ಕೊಡಿ. ನಿಧಾನಕ್ಕೆ ಹೇಳಿ, ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಮೊದ್ಲು ಅಟೆಂಡೆನ್ಸ್ ತಗೊಳ್ಳಿ."

ಮದುವೆಯಾದಾಗಿನಿಂದ "ಏನೇ", "ಇವಳೇ" ಎಂದಷ್ಟೇ ಕರೆಯುತ್ತಿದ್ದ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ಮೊದಲ ಬಾರಿಗೆ, ಹೆಂಡತಿಯ ಹೆಸರು ಹಿಡಿದು ಕೂಗಿದರು.

"ಪ್ರೆಸೆಂಟ್ ಸಾರ್," ಎಂದರು ಚಿಕ್ಕಮ್ಮ.