ಹಳೆಯದಕ್ಕಿಂತ ಹೊಸದು, ಹೊಸದಕ್ಕಿಂತ ಹಳೆಯದು

ಹೊಸದು ಎಂದರೆ ಕೆಲವರಿಗೆ ಕೈ ತುರಿಸುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಬೀದಿಯಲ್ಲಿ ಹೊಸ ಹೋಟೆಲು ತೆರೆದರೆ, ನೆರೆಮನೆಯವರು ಅಲ್ಲಿ ತಿಂದು ಬಂದು ಮರುದಿನ ಹೇಗಿದ್ದಾರೆಂದು ನೋಡಿಕೊಂಡೇ ನಾನು ಹೋಗುವುದು. ಇಂಥವನನ್ನು ಎಂಬತ್ತರ ದಶಕದ ಕೊನೆಯಲ್ಲಿ ತಮಿಳು ಸೀಮೆಯ ಪೆರಿಯನಾಯಕನಪಾಳ್ಯದ ಒಂದು ನೂಲಿನ ಮಿಲ್ಲಿನವರು ಕರೆದು, ಊರಿಗೇ ಹೊಸದಾಗಿದ್ದ ವಸ್ತುವಿನ ಕಾವಲಿಗೆ ಕೂರಿಸಿದರು. ಆ ವಸ್ತು ಕಂಪ್ಯೂಟರ್.

ಮಿಲ್ಲಿನಲ್ಲಿ ಏಸಿ ಇದ್ದದ್ದು ಎರಡೇ ಕೋಣೆಗೆ. ಒಂದು ಮಿಲ್ಲಿನ ಒಡೆಯರಾದ ಮುದಲಾಳಿಯವರದು, ಇನ್ನೊಂದು ಈ ಯಂತ್ರದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು. ಕೆಲವರು ಕೈಮುಗಿದೂ ಬರುತ್ತಿದ್ದರು, ನಾನು ತಡೆಯುತ್ತಿರಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುವ ನೂಲಿನ ಬಿಲ್ಲೆಲ್ಲ ಅದರಿಂದಲೇ ಅಚ್ಚಾಗಿ ಬರಬೇಕು. ಬಿಲ್ಲು ಬಾರದೆ ಲಾರಿ ಗೇಟು ದಾಟುವಂತಿಲ್ಲ. ನೂಲು ತಲುಪದಿದ್ದರೆ ಅಲ್ಲಿ ಹೆಣಿಗೆಯಂತ್ರಗಳು ಸುಮ್ಮನೆ ನಿಲ್ಲುತ್ತವೆ. ಹೀಗಾಗಿ ನಾನು ಕೂತಲ್ಲಿಂದಲೇ ಎರಡು ಊರುಗಳ ಶಾಪಕ್ಕೆ ಗುರಿಯಾಗಬಲ್ಲ ಜಾಗದಲ್ಲಿದ್ದೆ.

ಯಂತ್ರವನ್ನು ಬೆಳಿಗ್ಗೆ ಎಬ್ಬಿಸಿ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ನಡೆಸುವ ಮೂಲ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಕೂಡುಕುಟುಂಬದ ದೊಡ್ಡ ಸೊಸೆಯಂತೆ. ಅವಳು ಮಲಗಿದರೆ ಯಾರಿಗೂ ಕಾಫಿಯಿಲ್ಲ. ನಮ್ಮದು ತೀರಾ ಹಳೆಯದಾಗಿತ್ತು. ಬಿಲ್ಲು ಹೊಡೆಯುವಾಗ ನಡುವೆ ಸುಮ್ಮನಾಗಿಬಿಡುವುದು ಅದಕ್ಕೆ ಅಭ್ಯಾಸವಾಗಿತ್ತು. ಇನ್ನು ಅದಕ್ಕೆ ರಿಪೇರಿ ಮಾಡಿಕೊಡುವುದಿಲ್ಲ, ಬದಲಾಯಿಸಿಕೊಳ್ಳಿ ಎಂದು ಮದ್ರಾಸಿನ ಕಂಪನಿಯವರು ಎರಡು ಟೇಪು ಕಳಿಸಿದರು. ಒಂದು ಹಿಂದಿನ ವರ್ಷ ಬಿಡುಗಡೆಯಾದದ್ದು, ಇನ್ನೊಂದು ಆಗಷ್ಟೇ ಬಂದದ್ದು. ಯಾವುದು ಬೇಕೋ ನೀವೇ ಆರಿಸಿ ಎಂದರು. ಅಂದರೆ ಕೆಟ್ಟರೆ ತಪ್ಪು ನಿಮ್ಮದು ಎಂದರ್ಥ.

ಮ್ಯಾನೇಜರ್ ಪಳನಿಸಾಮಿಯವರಿಗೆ ಸಂದೇಹವೇ ಇರಲಿಲ್ಲ. ಒಂದು ಮದುವೆಯ ಊಟದಲ್ಲಿ ತಿರುಪ್ಪೂರಿನ ಇನ್ನೊಂದು ಮಿಲ್ಲಿನವರು ಎಲ್ಲಕ್ಕಿಂತ ಹೊಸದು ತಮ್ಮಲ್ಲಿದೆ ಎಂದು ಎಲೆಯ ಮುಂದೆ ಹೇಳಿಕೊಂಡಿದ್ದರಂತೆ. "ಅವರು ಹಾಕಿಕೊಂಡಾಗಿದೆ ನಾಗರಾಜ್, ನಾವು ಯಾಕೆ ಕಾಯಬೇಕು? ಹೊಸದೇ ಹಾಕಿಬಿಡಿ" ಎಂದರು. ನಾನು ತಲೆಯಾಡಿಸಿದೆ. ನನ್ನ ತಲೆ ಆಡಿದ್ದು ಹೌದೆಂದೋ ಇಲ್ಲವೆಂದೋ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವರದರಾಜನ್ ನನಗೆ ಪರಿಚಯ. ನೆರೆಯವರು ತಿಂದದ್ದು ಅರಗಿದೆಯೋ ನೋಡಿಬರೋಣವೆಂದು ತಿರುಪ್ಪೂರಿಗೆ ಹೋದೆ. ಅವನು ಬಾಗಿಲಲ್ಲೇ ನಿಂತು, "ಪ್ರಮಾದವಾಗಿದೆ ಸಾರ್, ಗಾಳಿ ಥರ ಓಡ್ತಿದೆ" ಎಂದ. ತಮಿಳಿನಲ್ಲಿ ಪ್ರಮಾದ ಎಂದರೆ ಅದ್ಭುತ. ಆದರೆ ಬಾಗಿಲಿನಿಂದ ಆಚೆಗೆ ಸರಿಯಲಿಲ್ಲ. ಒಳಗಿನಿಂದ ಟೈಪ್‌ರೈಟರುಗಳ ಟಕಟಕ ಸದ್ದು ಕೇಳುತ್ತಿತ್ತು. ನಾನು ಇಣುಕಿದೆ. ಗುಮಾಸ್ತರು ಸಾಲಾಗಿ ಕೂತು ಬಿಲ್ಲುಗಳನ್ನು ಟೈಪು ಮಾಡುತ್ತಿದ್ದರು.

"ಇದೇನಪ್ಪಾ?"

"ಕಂಪ್ಯೂಟರ್ ಚೆನ್ನಾಗೇ ಇದೆ ಸಾರ್," ಎಂದ ಅವನು ಸ್ವರ ತಗ್ಗಿಸಿ. "ಅದಕ್ಕೆ ಪ್ರಿಂಟರಿನ ಗುರುತು ಮಾತ್ರ ಹತ್ತುತ್ತಿಲ್ಲ. ಮದ್ರಾಸಿನವರು ಬರ್ತೀವಿ ಅಂದಿದ್ದಾರೆ. ಯಾರಿಗೂ ಹೇಳಬೇಡಿ."

ಪಾಪ, ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಾನು ನಿಜವಾಗಿಯೂ ಮರುಗಿದೆ. ಮರುಗುತ್ತಲೇ ಒಳಗೊಳಗೆ ಹಾಲು ಕುಡಿದಷ್ಟು ಖುಷಿಪಟ್ಟೆ. ಹಿಂದಿನ ವರ್ಷದ ಟೇಪು ಹಾಕಿಕೊಂಡ ಬೇರೆ ಮಿಲ್ಲುಗಳನ್ನೂ ವಿಚಾರಿಸಿದೆ. ಅವರೂ ಬೈದರು, ಆದರೆ ಎಲ್ಲರೂ ಒಂದೇ ದೋಷವನ್ನು ಬೈದರು, ಅದಕ್ಕೆ ಒಂದೇ ಮದ್ದು ಹೇಳಿದರು. ನನಗೆ ಅಷ್ಟು ಸಾಕಾಗಿತ್ತು. ಬೈಗುಳ ಒಂದು ಹದಕ್ಕೆ ಬಂದಿದೆ ಎಂದರೆ ವಸ್ತು ಪಕ್ವವಾಗಿದೆ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೈಹಾಕುವುದೆಂದಾಯಿತು. ಅಂದು ಕಾರಮಡೈಯ ಪೆರುಮಾಳ್ ದೇವಸ್ಥಾನಕ್ಕೆ ಹೋಗೋಣವೆಂದು ಹೆಂಡತಿ ಸರೋಜಳಿಗೆ ಮಾತು ಕೊಟ್ಟಿದ್ದೆ. ಹೇಗೂ ಮಿಲ್ಲು ದಾರಿಯಲ್ಲೇ ಇದೆ, ಸ್ವಲ್ಪ ಹೊತ್ತಿನ ಕೆಲಸ ಎಂದು ಅವಳನ್ನೂ ಕರೆದುಕೊಂಡು ಹೋದೆ. ಅವಳು ಏಸಿ ಕೋಣೆಯಲ್ಲಿ ಸೆರಗು ಹೊದ್ದು ಕೂತಳು. ನಾನು ಇದ್ದದ್ದನ್ನೆಲ್ಲ ಟೇಪಿಗೆ ನಕಲು ಮಾಡಿದೆ, ಆ ನಕಲಿನ ಮೇಲೆ ನಂಬಿಕೆ ಬಾರದೆ ಇನ್ನೊಂದು ನಕಲು ಮಾಡಿದೆ. ಆಮೇಲೆ ಹಿಂದಿನ ವರ್ಷದ ಟೇಪು ತೂರಿಸಿದೆ. ಪರದೆ ಕೇಳಿತು: ಡಿಸ್ಕಿನ ಮೇಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?

ನನ್ನ ಬೆರಳು ಕೀಲಿಯ ಮೇಲೆ ನಿಂತೇ ಇತ್ತು.

"ಏನು ಹಾಗೇ ನಿಂತುಬಿಟ್ರಿ?" ಎಂದಳು ಸರೋಜ.

"ಎಲ್ಲಾ ಅಳಿಸಲಾ ಅಂತ ಕೇಳ್ತಾ ಇದೆ."

"ಕಾಪಿ ಎತ್ತಿಟ್ಟಿದೀರಲ್ಲಾ?"

"ಎರಡು."

"ಅಪ್ಪುರಂ ಇನ್ನೇನು? ಮರ್ಯಾದೆಯಾಗಿ ಕೇಳ್ತದೆ, ಹೂಂ ಅಂತ ಪದಿಲ್ ಹೇಳಿ. ನಡೆ ಸಾತ್ತಿಬಿಟ್ಟರೆ ಆಮೇಲೆ ಪೆರುಮಾಳೂ ಸಿಕ್ಕಲ್ಲ."

ದೇವಸ್ಥಾನದ ಬಾಗಿಲು ಹಾಕುವ ಭಯವೇ ದೊಡ್ಡದಾಗಿ ಒತ್ತಿಬಿಟ್ಟೆ. ಟೇಪು ಗರಗರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅದು ನಿಂತಾಗಲೆಲ್ಲ ನಾನೂ ಉಸಿರು ನಿಲ್ಲಿಸುತ್ತಿದ್ದೆ. ಕೊನೆಗೆ ಯಂತ್ರ ಎದ್ದು, ಹೆಸರು ಕೇಳುವ ಪರದೆ ಬಂತು. ನಕಲನ್ನು ಒಳಗೆ ಹಾಕಿ, ಒಂದು ಹಳೆಯ ಬಿಲ್ಲನ್ನು ಪ್ರಿಂಟರಿಗೆ ಕಳಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಪ್ರಿಂಟರು ಕರ್ಕಶವಾಗಿ ಕಿರುಚಿತು ನೋಡಿ, ಅಷ್ಟು ಇಂಪಾದ ದನಿಯನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕೇಳಿಲ್ಲ. ಬಿಲ್ಲು ಅಕ್ಷರ ತಪ್ಪದೆ ಬಂದಿತ್ತು. ಮದ್ದು ಹಾಕಬೇಕಾದ ಆ ಒಂದು ದೋಷವೂ ಹೇಳಿದ ಜಾಗದಲ್ಲೇ ಇತ್ತು, ಹಾಕಿದೆ. ಪೆರುಮಾಳೂ ಸಿಕ್ಕಿದ.

ಸೋಮವಾರ ಮ್ಯಾನೇಜರಿಗೆ ನಿಜ ಹೇಳಬೇಕಾಯಿತು. "ಸಾರ್, ನಾನು ಹಾಕಿದ್ದು ಎಲ್ಲಕ್ಕಿಂತ ಹೊಸದಲ್ಲ, ಅದಕ್ಕಿಂತ ಹಿಂದಿನದು" ಎಂದೆ. ಅವರು ಕನ್ನಡಕ ತೆಗೆದರು. ನಾನು ತಿರುಪ್ಪೂರಿನ ಟೈಪ್‌ರೈಟರುಗಳ ಗುಟ್ಟನ್ನು ಬಿಟ್ಟುಕೊಡಬಾರದೆಂದು ನಾಲಿಗೆ ಕಚ್ಚಿಕೊಂಡು ನಿಂತೆ. ಅವರು ಕಿಟಕಿಯಾಚೆ ನೋಡಿದರು. ಗೇಟಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೊರಗೆ ಹೋಗುತ್ತಿದ್ದವು.

"ಮೊದಲು ನಮ್ಮಲ್ಲಿದ್ದದ್ದಕ್ಕಿಂತ ಹೊಸದು ತಾನೆ?"

"ಹೌದು ಸಾರ್."

"ಹಾಗಾದರೆ ಹೊಸದು ಅಂತಲೇ ಹೇಳ್ತೀನಿ. ಎಷ್ಟು ಹೊಸದು ಅಂತ ಊಟಕ್ಕೆ ಕೂತವರು ಕೇಳೋದಿಲ್ಲ." ಎದ್ದು ಬಂದು ನನ್ನ ಭುಜ ತಟ್ಟಿ, "ನಿಮಗೆ ಧೈರ್ಯ ಜಾಸ್ತಿ ನಾಗರಾಜ್" ಎಂದರು.

ಆ ಮಾತನ್ನು ಇಡೀ ದಿನ ಮೆಲುಕು ಹಾಕುತ್ತ ಸಂಜೆ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಕಣ್ಣು ಮುಚ್ಚಿದೆ. ಯಾರೋ ಅಲುಗಿಸಿದಾಗ ಮೂಗಿಗೆ ಮೀನು ಮಾರ್ಕೆಟ್ಟಿನ ವಾಸನೆ ಬಡಿಯಿತು. ಕಂಡಕ್ಟರು ನಿಂತಿದ್ದ. "ಉಕ್ಕಡಂ ಸಾರ್. ಕೊನೇ ಸ್ಟಾಪು, ಇದರಾಚೆ ಬಸ್ಸು ಹೋಗಲ್ಲ. ನೀವು ಇಳೀಬೇಕಾಗಿದ್ದದ್ದು ಎಲ್ಲಿ?"

ಧೈರ್ಯವಂತ ಎದ್ದು ನಿಂತು, ಬಾಯಿ ಒರೆಸಿಕೊಂಡು, ಇಲ್ಲೇ ಎಂದು ಹೇಳಿ ಇಳಿದುಬಿಟ್ಟ.