ಸೀಟಿನ ಮೇಲೊಂದು ಶಾಲು

ಖಾಲಿ ಸೀಟು ಕಂಡರೆ ಸುಮ್ಮನಿರುವುದು ನನ್ನಿಂದಾಗದು. ಇದು ಚಟವೋ ಕಾಯಿಲೆಯೋ ಗೊತ್ತಿಲ್ಲ, ಹತ್ತಿದ್ದು ಮಾತ್ರ ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಎಸೆದು, ಆಮೇಲೆ ಗತ್ತಿನಿಂದ ಹತ್ತಿ ಹೋಗಿ ಕೂರುವುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಕರ್ಚೀಫು ಬಿದ್ದ ಸೀಟನ್ನು ಪೈಲ್ವಾನನೂ ಮುಟ್ಟುವುದಿಲ್ಲ. ಒಮ್ಮೆ ಅವಸರದಲ್ಲಿ ಕರ್ಚೀಫು ಸಿಗದೆ ತಿಂಡಿಯ ಡಬ್ಬಿಯನ್ನೇ ಎಸೆದಿದ್ದೆ. ಆ ಬಸ್ಸು ನಿಲ್ಲದೆ ನೇರವಾಗಿ ಡಿಪೋಗೆ ಹೋಯಿತು. ಡಬ್ಬಿ ಹೋಯಿತು, ಅದರೊಳಗಿದ್ದ ಉಪ್ಪಿಟ್ಟು ಹೋಯಿತು, ಆದರೂ ನನಗೆ ಬುದ್ಧಿ ಬರಲಿಲ್ಲ. ಅಮೆರಿಕದ ರಾಲಿಗೆ ಬಂದು ನೆಲೆಸಿದ ಮೇಲೂ ಕನ್ನಡ ಕೂಟದ ಕಾರ್ಯಕ್ರಮವೆಂದರೆ ಒಂದು ಗಂಟೆ ಮುಂಚೆ ಹೋಗಿ, ಊಟದ ಬಾಗಿಲಿಗೆ ಹತ್ತಿರವಾದ ಮೂರನೆಯ ಸಾಲಿನ ಕೊನೆಯ ಕುರ್ಚಿಯ ಮೇಲೆ ಜಾಕೆಟ್ ಹಾಸಿ ಬರುತ್ತಿದ್ದೆ. ಅದು ನನ್ನ ಸೀಟು ಎಂಬುದು ಊರಿಗೆಲ್ಲ ಗೊತ್ತಿತ್ತು.

ತೊಂಬತ್ತರ ದಶಕದ ಮಾತು. ಆಫೀಸಿನಲ್ಲಿ ನನ್ನ ಬಾಸ್ ಇಯಾನ್ ಸ್ಕಾಟ್ಲೆಂಡಿನವನು. ಪ್ರತಿ ಸೋಮವಾರ ಕಾಫಿ ಹಿಡಿದು ಬಂದು ತನ್ನೂರಿನ ಫುಟ್ಬಾಲ್ ತಂಡ ಸೋತ ಕಥೆ ಹೇಳುತ್ತಿದ್ದ. ಚೆಂಡು ಗುಂಡಗಿರುತ್ತದೆ, ಕೈಯಿಂದ ಮುಟ್ಟಬಾರದು ಎಂಬುದರ ಆಚೆಗೆ ನನಗೇನೂ ತಿಳಿಯದು. ಆದರೂ ಎರಡು ವರ್ಷ ತಲೆದೂಗುತ್ತಲೇ ಬಂದೆ. ಏಕೆಂದರೆ ನನ್ನ ಗ್ರೀನ್ ಕಾರ್ಡಿಗೆ ಬೇಕಾದ ಪತ್ರ ಅವನ ಮೇಜಿನ ಮೇಲೆ, ಅವನ ಸಹಿಗಾಗಿ ಕಾಯುತ್ತಿತ್ತು. ಅದೊಂದು ಅಕ್ಟೋಬರಿನಲ್ಲಿ ಆಫೀಸಿನ ಕೆಲಸಕ್ಕೆಂದು ನನ್ನನ್ನು ಎರಡು ವಾರ ಸ್ಕಾಟ್ಲೆಂಡಿಗೆ ಕಳಿಸಿದರು. ಇಯಾನ್‌ನ ಕಣ್ಣು ಮಿನುಗಿತು. ಶನಿವಾರ ನಮ್ಮಪ್ಪನ ಜೊತೆ ಮ್ಯಾಚಿಗೆ ಹೋಗು, ಭಾನುವಾರ ಫೋನಿನಲ್ಲಿ ಅಪ್ಪನಿಂದ ಎಲ್ಲ ಕೇಳಿ ತಿಳಿದುಕೊಳ್ಳುತ್ತೇನೆ ಎಂದ. ಮನೆಗೆ ಹೋಗಿ ವಿಷಯ ಹೇಳಿದೆ.

"ರೀ, ಅಲ್ಲಿ ಜಾಸ್ತಿ ಮಾತಾಡೋಕೆ ಹೋಗ್ಬೇಡಿ. ಅವ್ರಪ್ಪ ಏನ್ ಹೇಳಿದ್ರೂ ಹೂಂ ಅನ್ನಿ. ಸೈನ್ ಆದ್ಮೇಲೆ ಎಷ್ಟ್ ಬೇಕಾದ್ರೂ ಬಾಯಿ ಬಿಡೀರಂತೆ," ಎಂದಳು ಹೆಂಡತಿ ಸುಮಾ. ಅಲ್ಲಿ ಚಳಿ ಜಾಸ್ತಿಯೆಂದು ಸೂಟ್‌ಕೇಸಿನಲ್ಲಿ ಅರಿಶಿನ-ಕೆಂಪು ಬಣ್ಣದ ಶಾಲೊಂದನ್ನೂ ಇಟ್ಟಳು. ಅದು ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ಕೂಟದವರು ನನಗೆ ಹೊದಿಸಿದ್ದು. ನನ್ನ ಸಾಧನೆ ಏನೆಂದರೆ ಇನ್ನೂರು ಮಡಚುವ ಕುರ್ಚಿಗಳನ್ನು ಹೊತ್ತು ಹಾಕಿದ್ದು. ಜೀವಮಾನದಲ್ಲಿ ನನಗೆ ಸಂದ ಸನ್ಮಾನ ಅದೊಂದೇ.

ಇಯಾನ್‌ನ ತಂದೆ ಕೆಂಪು ಮುಖದ, ಮಿತಭಾಷಿ ಹಿರಿಯರು. ಕ್ರೀಡಾಂಗಣವೆಂದರೆ ನಾನು ಏನೇನೋ ಊಹಿಸಿಕೊಂಡಿದ್ದೆ. ಅದು ಇಟ್ಟಿಗೆಯ ಮನೆಗಳ ಸಾಲಿನ ನಡುವೆ, ಯಾರದೋ ಹಿತ್ತಿಲಿನಲ್ಲಿರುವಂತೆ ಕುಳಿತಿತ್ತು. ಒಳಹೋಗುವ ತಿರುಗು ಗೇಟಿನ ಅಳತೆಯನ್ನು ಬರಗಾಲದಲ್ಲಿ ತೆಗೆದಿದ್ದರೋ ಏನೋ, ಸುಮಾಳ ಅಡುಗೆಯುಂಡ ನನ್ನ ಹೊಟ್ಟೆಯನ್ನು ಅದು ಸುಲಭವಾಗಿ ಬಿಡಲಿಲ್ಲ. ಒಳಗೆ ತಗಡಿನ ಮಾಡು, ಬಣ್ಣ ಹೋದ ಮರದ ಬೆಂಚುಗಳು. ಮ್ಯಾಚಿಗೆ ಇನ್ನೂ ಒಂದು ಗಂಟೆಯಿತ್ತು. ಹಿರಿಯರು ಮಟನ್ ತುಂಬಿದ ಬಿಸಿ ಪೈ ಕೊಳ್ಳಲು ಸ್ನೇಹಿತರೊಂದಿಗೆ ಸಾಲಿನಲ್ಲಿ ನಿಂತು, ನೀನು ಒಳಗಿರು ಎಂದರು.

ನೋಡುತ್ತೇನೆ, ಬೆಂಚುಗಳೆಲ್ಲ ಖಾಲಿ! ಟಿಕೆಟಿನಲ್ಲಿ ಸೀಟಿನ ನಂಬರೂ ಇಲ್ಲ. ಮೈಸೂರಿನ ರಕ್ತ ಸುಮ್ಮನಿದ್ದೀತೆ? ಮೈದಾನ ನೇರವಾಗಿ ಕಾಣುವಂಥ ನಟ್ಟನಡುವಿನ ಜಾಗ ಆರಿಸಿ, ಇಬ್ಬರಿಗೆ ಸಾಕಾಗುವಷ್ಟು ಉದ್ದಕ್ಕೆ ಶಾಲು ಹಾಸಿ, ನಿಶ್ಚಿಂತೆಯಿಂದ ಟೀ ಕುಡಿಯಲು ಹೋದೆ.

ತಿರುಗಿ ಬಂದಾಗ ಬೆಂಚುಗಳು ತುಂಬಿದ್ದವು. ನನ್ನ ಶಾಲಿನ ಆಚೆ ಈಚೆ ಮಾತ್ರ ಯಾರೂ ಕುಳಿತಿರಲಿಲ್ಲ. ಎಲ್ಲರೂ ಅದನ್ನೇ ದಿಟ್ಟಿಸುತ್ತಿದ್ದರು. ಕಾನೂನು ಎಲ್ಲ ಕಡೆಯೂ ಒಂದೇ ಎಂದು ಹಿಗ್ಗಿದೆ. ಅಷ್ಟರಲ್ಲಿ ಹಿರಿಯರು ಬಂದರು. ಅವರ ಕೆಂಪು ಮುಖ ಬಿಳಿಚಿತು. ಕಿವಿಯಲ್ಲಿ ಎರಡೇ ಸಂಗತಿ ಹೇಳಿದರು. ಒಂದು, ಅರಿಶಿನ-ಕೆಂಪು ಇವತ್ತಿನ ಎದುರಾಳಿ ತಂಡದ ಬಣ್ಣ. ಎರಡು, ಇಲ್ಲಿ ನಂಬರು ಇಲ್ಲದಿದ್ದರೂ ಯಾರ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು, ಇದು ಮೂವತ್ತು ವರ್ಷದಿಂದ ಆಗ್ನೆಸ್ ಕೂರುವ ಜಾಗ.

ಓಡಿಹೋಗಿ ಶಾಲು ತೆಗೆಯಬೇಕು ಎನ್ನುವಷ್ಟರಲ್ಲಿ ಆಗ್ನೆಸ್ ಬಂದೇಬಿಟ್ಟರು. ಕುಳ್ಳಗಿನ ಅಜ್ಜಿ, ಕೊರಳಲ್ಲಿ ನೀಲಿ ಮಫ್ಲರ್, ಕೈಯಲ್ಲಿ ಫ್ಲಾಸ್ಕ್. ಶಾಲನ್ನು ನೋಡಿದರು. ನನ್ನನ್ನು ನೋಡಿದರು. "ಸಾರಿ, ಆಂಟಿ," ಎಂದು ತೊದಲಿದೆ. ಅಜ್ಜಿ ಒಂದು ಮಾತೂ ಆಡದೆ, ತಿರುಗಿ, ಶಾಲಿನ ಮೇಲೆ ಭದ್ರವಾಗಿ ಕುಳಿತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ನನ್ನ ಏಕೈಕ ಸನ್ಮಾನ ಒಬ್ಬ ಅಜ್ಜಿಯ ಅಡಿಯಲ್ಲಿ! ಸಂಕಟವಾಯಿತು, ಸಿಟ್ಟೂ ಬಂತು. ಗ್ರೀನ್ ಕಾರ್ಡು ನೆನಪಾಗಿ, ಅಜ್ಜಿಯ ಪಕ್ಕದಲ್ಲೇ ಕುಳಿತು ಎರಡನ್ನೂ ಟೀ ಜೊತೆ ನುಂಗಿದೆ. ಅಜ್ಜಿ ರೆಫರಿಯನ್ನು ಬೈಯುತ್ತಿದ್ದ ಭಾಷೆಯಲ್ಲಿ ಒಂದು ಪದವೂ ನನಗೆ ತಿಳಿಯಲಿಲ್ಲ, ಅರ್ಥ ಮಾತ್ರ ಚೆನ್ನಾಗಿ ತಿಳಿಯಿತು. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡಿದಾಗ ಇದನ್ನೇ ಕೇಳಿದ್ದೆ. ದ್ವಿತೀಯಾರ್ಧದಲ್ಲಿ ಇಯಾನ್‌ನ ಊರಿನ ನೀಲಿ ತಂಡ ಗೋಲು ಹೊಡೆಯಿತು. ಇಡೀ ತಗಡಿನ ಮಾಡು ನಡುಗಿತು, ಅಜ್ಜಿ ಎದ್ದು ಕುಣಿದರು. ಇದೇ ಸಮಯವೆಂದು ಶಾಲಿಗೆ ಕೈ ಹಾಕಿದೆ. ಅಜ್ಜಿ ಕುಳಿತುಬಿಟ್ಟರು, ನನ್ನ ಕೈಯ ಮೇಲೆ. ಕೈ ವಾಪಸ್ಸು ಸಿಕ್ಕಿತು, ಶಾಲು ಸಿಗಲಿಲ್ಲ. ಆ ಋತುವಿನಲ್ಲಿ ನೀಲಿ ತಂಡದ ಮೊದಲ ಗೆಲುವು ಅದು. ಆಟ ಮುಗಿದಾಗ ಅಜ್ಜಿ ಶಾಲನ್ನು ನೀಟಾಗಿ ಮಡಚಿ, ಇದು ಅದೃಷ್ಟದ ಶಾಲು, ಇನ್ನು ಇಲ್ಲೇ ಇರುತ್ತದೆ ಎಂದು ಚೀಲಕ್ಕೆ ಹಾಕಿಕೊಂಡರು. ಸುಮಾ ಹೇಳಿಕೊಟ್ಟಂತೆ ಹೂಂ ಎಂದೆ.

ರಾಲಿಗೆ ಮರಳಿದ ದಿನ ಇಯಾನ್ ಗಂಭೀರವಾಗಿ ತನ್ನ ಕೋಣೆಗೆ ಕರೆದ. ಅಪ್ಪ ಎಲ್ಲ ಹೇಳಿದರು ಎಂದ. ಪತ್ರದ ಆಸೆ ಬಿಟ್ಟೆ. ಶತ್ರುಗಳ ಬಣ್ಣವನ್ನು ಅಮೆರಿಕದಿಂದ ಹೊತ್ತು ತಂದು, ಅದರ ಮೇಲೆಯೇ ಆಗ್ನೆಸ್‌ರನ್ನು ಕೂರಿಸಿದೆಯಂತಲ್ಲ, ಇಷ್ಟು ವರ್ಷದಲ್ಲಿ ನಮ್ಮೂರಿನ ಒಬ್ಬನಿಗೂ ಆ ಉಪಾಯ ಹೊಳೆದಿರಲಿಲ್ಲ ಎನ್ನುತ್ತಾ ಪತ್ರವನ್ನು ಎಳೆದುಕೊಂಡು ಸಹಿ ಹಾಕಿಬಿಟ್ಟ. ಎರಡು ವರ್ಷದ ಅಭ್ಯಾಸ ನೋಡಿ, ಆಗಲೂ ತಲೆದೂಗಿದೆ.

ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. "ಎಲ್ರೂ ಶಾಲು ಹಾಕ್ಕೊಂಡ್ ಬರ್ತಾರೆ, ನಿಮ್ದೆಲ್ರೀ?" ಎಂದಳು ಸುಮಾ. ಇಲ್ಲದ ಶಾಲನ್ನು ಇದ್ದಬದ್ದ ಕಪಾಟುಗಳಲ್ಲೆಲ್ಲ ಹುಡುಕುವ ನಾಟಕವಾಡಿ, ಹೊರಟಾಗ ತಡವಾಗಿತ್ತು. ಹಾಲ್ ಮುಕ್ಕಾಲು ತುಂಬಿತ್ತು. ಮೂರನೆಯ ಸಾಲಿನ ನನ್ನ ಸೀಟಿನ ಮೇಲೆ ಯಾರೋ ಹೊಚ್ಚ ಹೊಸ ಅರಿಶಿನ-ಕೆಂಪು ಶಾಲೊಂದನ್ನು ಹಾಕಿ ಹೋಗಿದ್ದರು. ನನ್ನ ಸೀಟಿನ ಮೇಲೆ! ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒಂದು ಮಾತೂ ಆಡದೆ, ತಿರುಗಿ, ಅದರ ಮೇಲೆ ಭದ್ರವಾಗಿ ಕುಳಿತೆ. ಆಗ್ನೆಸ್ ಅಜ್ಜಿಯ ಸುಖ ಏನೆಂದು ಆಗ ಅರ್ಥವಾಯಿತು.

ಒಂದೂವರೆ ಗಂಟೆಯ ನಂತರ ಕೂಟದ ಕಾರ್ಯದರ್ಶಿ ಬೆವರುತ್ತಾ ಸಾಲು ಸಾಲು ಹುಡುಕಿಕೊಂಡು ಬಂದರು. "ಸಾರ್, ಚೀಫ್ ಗೆಸ್ಟ್‌ಗೆ ಅಂತ ತಂದಿದ್ ಶಾಲು, ಇಲ್ಲೇ ಯಾವ್ದೋ ಚೇರ್ ಮೇಲೆ ಇಟ್ಟಿದ್ದೆ, ನೋಡಿದ್ರಾ?" ನಾನು ಮೆಲ್ಲಗೆ ಎದ್ದು, ಕೈಯಿಂದ ಸುಕ್ಕು ಸವರಿ, ಕೊಟ್ಟೆ.

ಚಪ್ಪಾಳೆಯ ನಡುವೆ ಶಾಲು ಹೊದ್ದ ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದು ಗದ್ಗದರಾದರು. "ರಾಲಿ ಕನ್ನಡಿಗರ ಪ್ರೀತಿ ಎಷ್ಟು ಬೆಚ್ಚಗಿದೆ ಅನ್ನೋದು ಈ ಶಾಲು ಹೊದ್ದ ಕೂಡಲೇ ಗೊತ್ತಾಯ್ತು," ಎಂದರು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು.